ಮೂಗು ಕಟ್ಟಿದ ಮಗು, ಮನೆಮದ್ದು ಮತ್ತು ವಯಸ್ಸಿನ ಎಲ್ಲೆ: ಉಡುಪಿ ಸೀಮೆಯ ಒಂದು ಚರಿತ್ರೆ

ಮಗುವಿನ ಶೀತಕ್ಕೆ ಕರಾವಳಿಯ ಮನೆಗಳು ಬಳಸುವ ಮದ್ದುಗಳ ಪಟ್ಟಿ ಬೇಕಾದಷ್ಟು ಸಿಗುತ್ತದೆ. ಎಷ್ಟು ತಿಂಗಳ ಮಗುವಿಗೆ ಎಂಬ ವಿವರ ಅವುಗಳಲ್ಲಿ ಅಪರೂಪ. ನನ್ನ ದೃಷ್ಟಿಯಲ್ಲಿ ಈ ಮದ್ದುಗಳ ಚರಿತ್ರೆಯನ್ನು ಬಿಡಿಸಬೇಕಾದದ್ದು ಆ ವಿವರದಿಂದಲೇ.

ಆಯುರ್ವೇದದ ಎಂಟು ಅಂಗಗಳಲ್ಲಿ ಶಿಶುವೈದ್ಯವೂ ಒಂದು. ಸುಮಾರು 1200ರಲ್ಲಿದ್ದ ದೇವೇಂದ್ರಮುನಿಯ ‘ಬಾಲಗ್ರಹಚಿಕಿತ್ಸೆ’ ಮಕ್ಕಳ ಚಿಕಿತ್ಸೆಗೇ ಮೀಸಲಾದ ಕೃತಿ. ಮೂಗಿನ ಮಟ್ಟಿಗೆ ಹೆಚ್ಚು ನೇರವಾದ ವಿಧಿ ವಾಗ್ಭಟನದು: ‘ಅಷ್ಟಾಂಗಹೃದಯ’ದ ಸೂತ್ರಸ್ಥಾನದ 20ನೆಯ ಅಧ್ಯಾಯ ಏಳು ವರ್ಷ ತುಂಬದವರಿಗೆ ನಸ್ಯ, ಅಂದರೆ ಮೂಗಿನ ಮೂಲಕ ಮದ್ದು ಕೊಡುವುದು, ಬೇಡವೆನ್ನುತ್ತದೆ. ಪ್ರತಿಮರ್ಶವೆಂಬ ತೀರ ಅಲ್ಪ ಪ್ರಮಾಣದ ನಸ್ಯಕ್ಕೆ ಮಾತ್ರ ಹುಟ್ಟಿನಿಂದಲೇ ಒಪ್ಪಿಗೆಯಿದೆ. ಇಂದಿನ ಅಂಗರಚನಾಶಾಸ್ತ್ರದ ಪ್ರಕಾರ ಕೆನ್ನೆಯ ಮತ್ತು ಮೂಗಿನ ಬುಡದ ಸೈನಸ್‌ಗಳು ಹುಟ್ಟುವಾಗಲೇ ಇರುತ್ತವೆ; ಹಣೆಯದು ಗೋಚರಿಸುವುದು ಏಳರ ಆಸುಪಾಸಿನಲ್ಲಿ. ಈ ಹೊಂದಾಣಿಕೆಯಿಂದ ವಾಗ್ಭಟನಿಗೆ ಸೈನಸ್ ಗೊತ್ತಿತ್ತು ಎಂದು ಹೇಳಲಾಗದು. ಎಳೆಯ ಮೂಗಿನ ಬಗ್ಗೆ ಅವನ ಎಚ್ಚರ ಮಾತ್ರ ಸ್ಪಷ್ಟ.

ಅಂಬಲಪಾಡಿ, ಕಾಪು, ಕಾರ್ಕಳದ ಕಡೆಯ ರೂಢಿಯಲ್ಲಿ ಹೆಚ್ಚಿನವು ಮೈಮೇಲಿನ ಉಪಚಾರಗಳು: ತುಳಸಿ ಹಾಕಿ ಕಾಯಿಸಿದ ತೆಂಗಿನೆಣ್ಣೆ ನೆತ್ತಿಗೆ, ಬಿಸಿ ಮಾಡಿದ ವೀಳ್ಯದೆಲೆ ಎದೆಗೆ, ಮಿಂದ ಮೇಲೆ ನೆತ್ತಿಗೆ ಚಿಟಿಕೆ ರಾಸ್ನಾದಿ ಚೂರ್ಣ. ಇವುಗಳಲ್ಲಿ ಅಪಾಯ ಕಡಿಮೆ. ಬೆಚ್ಚಗಿನ ಕೈಯ ಸ್ಪರ್ಶದಿಂದ ಮಗು ನಿದ್ದೆಗೆ ಜಾರುವುದೂ ಸಣ್ಣ ಉಪಕಾರವಲ್ಲ. ಸಾಂಬ್ರಾಣಿ ಸೊಪ್ಪನ್ನು ಕೆಂಡದಲ್ಲಿ ಬಾಡಿಸಿ ಹಿಂಡಿದ ರಸ ಜೇನಿನೊಡನೆ ಹೊಟ್ಟೆಗೆ ಹೋಗುತ್ತಿತ್ತು. ಇಲ್ಲಿ ವಯಸ್ಸು ನಿರ್ಣಾಯಕ. ಜೇನಿನಲ್ಲಿರಬಹುದಾದ ಸೂಕ್ಷ್ಮಾಣುವಿನಿಂದ ಶಿಶುಗಳಿಗೆ ಬೊಟುಲಿಸಂ ಬರಬಲ್ಲದು. ಆ ಶಿಶುರೋಗವನ್ನು ವೈದ್ಯಲೋಕ ಗುರುತಿಸಿದ್ದೇ 1976ರಲ್ಲಿ. ವರ್ಷ ತುಂಬುವ ಮೊದಲು ಜೇನು ಸಲ್ಲದು.

ದಕ್ಷಿಣ ಭಾರತದ ಹಲವೆಡೆ ಶಿಶುವಿನ ಮೂಗಿಗೆ ಎಣ್ಣೆ ಬಿಡುವ ಅಭ್ಯಾಸವೂ ಇತ್ತು. ಎಣ್ಣೆ ಶ್ವಾಸಕೋಶಕ್ಕಿಳಿದು ಒಂದು ಬಗೆಯ ನ್ಯುಮೋನಿಯಾ ತರಬಲ್ಲದು. ಸಂಪ್ರದಾಯದ ಹೆಸರಿನಲ್ಲಿ ಇದನ್ನು ಸಮರ್ಥಿಸುವುದು ನನಗೆ ಒಪ್ಪಿತವಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಈ ಮನೆಗಳ ಸುತ್ತ ಬೇರೆ ದಾರಿಗಳೂ ತೆರೆದವು. 1923ರಲ್ಲಿ ಡಾ. ಎವಾ ಲೊಂಬಾರ್ಡ್ ಉಡುಪಿಯಲ್ಲಿ ಮಿಷನ್ ಆಸ್ಪತ್ರೆ ಆರಂಭಿಸಿದರು. 1953ರಲ್ಲಿ ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜು, 1958ರಲ್ಲಿ ಅಂಬಲಪಾಡಿಗೆ ಹತ್ತಿರದ ಕುತ್ಪಾಡಿಯಲ್ಲಿ ಆಯುರ್ವೇದ ಕಾಲೇಜು ಬಂದವು. ಅಂಗಡಿಯಿಂದ ವಿಕ್ಸ್ ಡಬ್ಬಿಯೂ ಮನೆ ಸೇರಿ ಮನೆಮದ್ದೇ ಆಗಿಹೋಯಿತು. ಕರ್ಪೂರವಿರುವ ಆ ಮುಲಾಮು ಎರಡು ವರ್ಷದೊಳಗಿನವರಿಗೆ ನಿಷಿದ್ಧ.

ಇಂದು ಮಕ್ಕಳ ವೈದ್ಯರು ಮೊದಲು ಸೂಚಿಸುವುದು ಔಷಧಿ ಅಂಗಡಿಯಲ್ಲಿ ಸಿಗುವ, ನೂರು ಮಿಲಿಲೀಟರಿಗೆ 0.9 ಗ್ರಾಂ ಉಪ್ಪಿರುವ ಶುದ್ಧ ದ್ರಾವಣವನ್ನು. ಹಾಲೂಡುವ ಮೊದಲು ಒಂದೆರಡು ಹನಿ ಬಿಟ್ಟರೆ ಸಿಂಬಳ ಸಡಿಲಗೊಳ್ಳುತ್ತದೆ. ಮೊದಲ ಕೆಲವು ತಿಂಗಳು ಶಿಶು ಬಹುಪಾಲು ಮೂಗಿನಿಂದಲೇ ಉಸಿರಾಡುವುದರಿಂದ, ಮೂಗು ಕಟ್ಟಿದಾಗ ಅದಕ್ಕೆ ಮೊದಲು ತಪ್ಪುವುದು ಹಾಲು.