ಬ್ಯಾಲೆ ನೃತ್ಯದಲ್ಲಿ ಟರ್ನ್‌ಔಟ್ ಮತ್ತು ಕಾಲೆತ್ತುವ ಸಾಧನೆ

ಬ್ಯಾಲೆ ಕಲಿಯುವ ಮಕ್ಕಳ ತಂದೆತಾಯಿಗಳ ಕಿವಿಗೆ ಪದೇ ಪದೇ ಬೀಳುವ ಶಬ್ದಗಳು ಎರಡು. ಕಾಲುಗಳನ್ನು ಸೊಂಟದ ಕೀಲಿನಿಂದಲೇ ಹೊರಮುಖವಾಗಿ ತಿರುಗಿಸುವುದು ಟರ್ನ್‌ಔಟ್. ಹಾಗೆ ತಿರುಗಿಸಿದ ಕಾಲನ್ನು ಮುಂದಕ್ಕೆ, ಪಕ್ಕಕ್ಕೆ ಅಥವಾ ಹಿಂದಕ್ಕೆ ಎತ್ತಿ ಗಾಳಿಯಲ್ಲಿ ಸ್ಥಿರವಾಗಿ ನಿಲ್ಲಿಸುವುದು ಎಕ್ಸ್‌ಟೆನ್ಶನ್. ಮುಂಬಯಿಯಲ್ಲಿ ತುಷ್ನಾ ದಲ್ಲಾಸ್ ಅವರು 1966ರಲ್ಲಿ ಆರಂಭಿಸಿದ ಶಾಲೆಯಿಂದ ಮೊದಲ್ಗೊಂಡು ನಮ್ಮ ಮಹಾನಗರಗಳಲ್ಲಿ ಈ ಕಲೆ ಮೆಲ್ಲನೆ ಬೇರೂರಿದೆ. ಆದರೆ ಈ ಎರಡು ಸಾಧನೆಗಳನ್ನು ಅವಸರದಿಂದ ಬೆನ್ನಟ್ಟಿದ ಮಗು ಹದಿನೈದನೆಯ ವಯಸ್ಸಿಗೇ ಮಂಡಿನೋವಿನಿಂದ ತರಗತಿ ಬಿಡಬೇಕಾಗಿ ಬರುವುದುಂಟು. ಆದ್ದರಿಂದ ಇದರ ಹಿಂದಿರುವ ಶರೀರಶಾಸ್ತ್ರವನ್ನು ಹೆತ್ತವರೂ ಸ್ವಲ್ಪಮಟ್ಟಿಗೆ ಅರಿತಿರುವುದು ಒಳಿತೆಂದು ನಾವು ಭಾವಿಸುತ್ತೇವೆ.

ಟರ್ನ್‌ಔಟ್ ಹುಟ್ಟಿದ್ದು ಫ್ರಾನ್ಸಿನ ಅರಮನೆಯಲ್ಲಿ. ದೊರೆ ಹದಿನಾಲ್ಕನೆಯ ಲೂಯಿ 1661ರಲ್ಲಿ ಪ್ಯಾರಿಸಿನಲ್ಲಿ ರಾಜ ನೃತ್ಯ ಅಕಾಡೆಮಿಯನ್ನು ಸ್ಥಾಪಿಸಿದನು. ಪಾದಗಳ ಐದು ಮೂಲ ಸ್ಥಾನಗಳನ್ನು ಕ್ರಮಬದ್ಧಗೊಳಿಸಿದ ಕೀರ್ತಿ ಅವನ ನೃತ್ಯಾಚಾರ್ಯ ಪಿಯೇರ್ ಬೋಷಾಂಗೆ ಸಲ್ಲುತ್ತದೆ. ಆಗಿನ ತಿರುವು ಇಂದಿನಷ್ಟು ಅಗಲವಾಗಿರಲಿಲ್ಲ. ಕಾಲಕ್ರಮದಲ್ಲಿ ಎರಡೂ ಪಾದಗಳು ಒಂದೇ ಸರಳರೇಖೆಯಲ್ಲಿ ನಿಲ್ಲುವ 180 ಡಿಗ್ರಿಯ ತಿರುವು ಆದರ್ಶವೆನಿಸಿತು. ಕಾಲುಗಳನ್ನು ಬಲವಂತವಾಗಿ ತಿರುಗಿಸುವ ಯಂತ್ರಗಳೂ ಹದಿನೆಂಟನೆಯ ಶತಮಾನದಲ್ಲಿ ಬಳಕೆಗೆ ಬಂದಿದ್ದವು. ನೃತ್ಯ ಸಂಯೋಜಕ ಜಾಂ ಜಾರ್ಜ್ ನೊವೆರ್ 1760ರಲ್ಲಿ ಪ್ರಕಟಿಸಿದ ತನ್ನ ಪತ್ರಗಳಲ್ಲಿ ಇಂತಹ ಯಂತ್ರವನ್ನು ನಿಷ್ಪ್ರಯೋಜಕವೆಂದು ಟೀಕಿಸಿದ್ದನ್ನು ನೋಡಿದರೆ, ಅಡ್ಡದಾರಿಯ ಮೋಹ ಇಂದಿನದಲ್ಲವೆಂಬುದು ಸ್ಪಷ್ಟವಾಗುತ್ತದೆ.

ಇದು ಕೇವಲ ಅಲಂಕಾರವೇ? ಅಲ್ಲವೆನ್ನುತ್ತದೆ 1934ರಲ್ಲಿ ಹೊರಬಂದ ರಷ್ಯಾದ ಮಹಾಗುರು ಅಗ್ರಿಪ್ಪಿನಾ ವಗಾನೋವಾ ಅವರ ಪಠ್ಯಗ್ರಂಥ. ತೊಡೆಯ ಮೂಳೆಯ ಮೇಲ್ತುದಿಯಲ್ಲಿ ಹೊರಬದಿಗೆ ಉಬ್ಬಿಕೊಂಡಿರುವ ಒಂದು ಗಂಟು ಇದೆ. ಕಾಲನ್ನು ನೇರವಾಗಿಟ್ಟುಕೊಂಡೇ ಪಕ್ಕಕ್ಕೆ ಎತ್ತಿದರೆ ಈ ಗಂಟು ಸೊಂಟದ ಎಲುಬಿಗೆ ತಡೆಯಾಗಿ, ಸುಮಾರು 45 ಡಿಗ್ರಿಯ ಆಸುಪಾಸಿನಲ್ಲೇ ಕಾಲು ನಿಂತುಬಿಡುತ್ತದೆ. ಕಾಲನ್ನು ಹೊರಕ್ಕೆ ತಿರುಗಿಸಿದಾಗ ಗಂಟು ಹಿಂದಕ್ಕೆ ಸರಿದು ದಾರಿ ತೆರವಾಗುತ್ತದೆ. ಅಂದರೆ ತಿರುವು ಇಲ್ಲದೆ ಎತ್ತರವಿಲ್ಲ. ಕಾಲು ಮೇಲೇರುವುದಿಲ್ಲವೆಂದು ದೂರುವ ಎಷ್ಟೋ ಮಕ್ಕಳಲ್ಲಿ ಕೊರತೆ ಇರುವುದು ಎತ್ತುವ ಶಕ್ತಿಯಲ್ಲಿ ಅಲ್ಲ, ತಿರುಗಿಸುವುದರಲ್ಲಿ.

ತಿರುವಿನ ಮಿತಿಯನ್ನು ಮೊದಲು ನಿರ್ಧರಿಸುವುದು ಮೂಳೆ. ಸೊಂಟದ ಬಟ್ಟಲು ಎಷ್ಟು ಆಳ, ಅದು ಯಾವ ದಿಕ್ಕಿಗೆ ಮುಖಮಾಡಿದೆ, ತೊಡೆಮೂಳೆಯ ಕತ್ತು ಎಷ್ಟು ಮುಂದಕ್ಕೆ ಬಾಗಿದೆ ಎಂಬುದು ಒಬ್ಬೊಬ್ಬರಲ್ಲಿ ಒಂದೊಂದು ಬಗೆ. ಇದನ್ನು ಯಾವ ವ್ಯಾಯಾಮವೂ ಬದಲಿಸಲಾರದು. ಸಾಮಾನ್ಯರ ಸೊಂಟದ ಕೀಲು ಹೊರಮುಖವಾಗಿ ತಿರುಗುವುದು ಸುಮಾರು 40ರಿಂದ 50 ಡಿಗ್ರಿ; ನುರಿತ ನರ್ತಕರಲ್ಲಿ ಇದು ಇನ್ನೂ ಹೆಚ್ಚು. ಒಂದೊಂದು ಕಾಲಿಗೆ ಬೇಕಾದ 90 ಡಿಗ್ರಿಯಲ್ಲಿ ಉಳಿದ ಪಾಲು ಮೊಣಕಾಲಿನ ಕೆಳಗಿನ ಮೂಳೆಯ ಸಹಜ ತಿರುಚು ಹಾಗೂ ಪಾದದಿಂದ ಬರಬೇಕು. ಎರಡನೆಯ ಮಿತಿ, ಕೀಲಿನ ಮುಂಭಾಗವನ್ನು ಬಿಗಿದು ಹಿಡಿದಿರುವ ಬಲವಾದ ಅಸ್ಥಿರಜ್ಜು. ಮೂರನೆಯದು ಸ್ನಾಯುಗಳು, ಅದರಲ್ಲೂ ಪೃಷ್ಠದ ಆಳದಲ್ಲಿ ಅಡಗಿರುವ ಆರು ಚಿಕ್ಕ ತಿರುಗಿಸುವ ಸ್ನಾಯುಗಳು. ಬ್ಯಾಂಕಿನಲ್ಲಿ ದುಡಿಯುವ ನಮ್ಮಂತಹವರ ಭಾಷೆಯಲ್ಲಿ ಹೇಳುವುದಾದರೆ ಮೂಳೆ ಹುಟ್ಟಿನಿಂದ ಬಂದ ಠೇವಣಿ, ಸ್ನಾಯುಬಲ ದುಡಿದು ಗಳಿಸುವ ಬಡ್ಡಿ. ಬಹುಪಾಲು ಕಲಿಯುವವರು ತಮಗಿರುವ ಠೇವಣಿಯನ್ನೇ ಪೂರ್ತಿಯಾಗಿ ಬಳಸಿರುವುದಿಲ್ಲ. ಅಭ್ಯಾಸಕ್ಕೆ ನಿಜವಾದ ಅವಕಾಶವಿರುವುದು ಇಲ್ಲಿಯೇ.

ಈ ಠೇವಣಿಯನ್ನು ಮನೆಯಲ್ಲೇ ಅಳೆದು ನೋಡಬಹುದು. ಮಗು ಬೋರಲಾಗಿ ಮಲಗಿ ಒಂದು ಮಂಡಿಯನ್ನು ಲಂಬವಾಗಿ ಮಡಿಸಲಿ. ಸೊಂಟ ನೆಲ ಬಿಟ್ಟು ಏಳದಂತೆ, ಮಡಿಸಿದ ಕಾಲು ಇನ್ನೊಂದು ಕಾಲಿನ ಕಡೆಗೆ ಎಷ್ಟು ವಾಲುತ್ತದೆಂದು ಗಮನಿಸಬೇಕು. ಕೀಲು ಕೊಡಬಲ್ಲ ತಿರುವು ಅಷ್ಟೇ. ಬಳಿಕ ಕಾಲುಚೀಲ ತೊಟ್ಟು ನುಣುಪಾದ ನೆಲದ ಮೇಲೆ, ಪಾದಗಳನ್ನು ಜೋಡಿಸಿ, ಮಂಡಿ ಬಗ್ಗಿಸದೆ ನಿಂತು ಎರಡೂ ಕಾಲುಗಳನ್ನು ಹೊರಕ್ಕೆ ತಿರುಗಿಸಲಿ. ಈಗ ದೊರೆತದ್ದು ಸ್ನಾಯುಗಳು ನಿಜಕ್ಕೂ ಹಿಡಿದಿಡಬಲ್ಲ ತಿರುವು. ಎರಡರ ನಡುವಿನ ಅಂತರ ದೊಡ್ಡದಿದ್ದಷ್ಟೂ ಬಲವರ್ಧನೆಯಿಂದ ಲಾಭ ಹೆಚ್ಚು.

ಇನ್ನು ಮೋಸದ ವಿಚಾರ. ಮಂಡಿ ಬಗ್ಗಿಸಿದಾಗ, ಎಂದರೆ ಪ್ಲಿಯೇ ಸ್ಥಿತಿಯಲ್ಲಿ, ಸೊಂಟದ ಮುಂಭಾಗದ ಅಸ್ಥಿರಜ್ಜು ಸಡಿಲಗೊಳ್ಳುವುದರಿಂದ ಪಾದಗಳನ್ನು ಅಗಲಕ್ಕೆ ಇಡುವುದು ಸುಲಭ. ಜಾಣ ಮಕ್ಕಳು ಬಗ್ಗಿ, ಪಾದಗಳನ್ನು 180 ಡಿಗ್ರಿಗೆ ನೆಲಕ್ಕೆ ಒತ್ತಿ, ಬಳಿಕ ಮಂಡಿಯನ್ನು ನೆಟ್ಟಗೆ ಮಾಡುತ್ತಾರೆ. ಆಗ ಅಸ್ಥಿರಜ್ಜು ಮತ್ತೆ ಬಿಗಿದು ತೊಡೆ ಒಳಕ್ಕೆ ಮರಳುತ್ತದೆ, ಪಾದ ಮಾತ್ರ ಅಲ್ಲೇ ಅಂಟಿಕೊಂಡಿರುತ್ತದೆ. ತಿರುಚೆಲ್ಲ ಮಂಡಿಯ ಪಾಲಾಗುತ್ತದೆ. ಕೆಳಬೆನ್ನನ್ನು ಬಾಗಿಸಿ ತಿರುವು ಹೆಚ್ಚಿಸುವುದೂ ಇದೇ ಜಾತಿಯ ಉಪಾಯ. ಮಂಡಿಚಿಪ್ಪು ಪಾದದ ಎರಡನೆಯ ಬೆರಳಿನ ನೇರಕ್ಕೆ ಬಾರದೆ ಮುಂದಕ್ಕೆ ನೋಡುತ್ತಿದ್ದರೆ, ಅಥವಾ ಪಾದದ ಕಮಾನು ಒಳಕ್ಕೆ ಕುಸಿದು ಭಾರವೆಲ್ಲ ಹೆಬ್ಬೆರಳಿನ ಮೇಲೆ ಬಿದ್ದಿದ್ದರೆ ಈ ಮೋಸ ನಡೆದಿದೆಯೆಂದೇ ತಿಳಿಯಬೇಕು. ಮಂಡಿಯ ಒಳಬದಿಯ ನೋವು, ಹೆಬ್ಬೆರಳಿನ ಬುಡದ ಗಂಟು, ಕಣಕಾಲಿನ ಸ್ನಾಯುರಜ್ಜುಗಳ ಊತ, ಸೊಂಟನೋವು ಇದರ ಫಲ.

ನಿಜವಾದ ಅಭ್ಯಾಸ ನೋಡಲು ತೀರ ಸಾಧಾರಣ. ಪಕ್ಕಕ್ಕೆ ಮಲಗಿ, ಮಂಡಿಗಳನ್ನು ಮಡಿಸಿ, ಹಿಮ್ಮಡಿಗಳನ್ನು ಕೂಡಿಸಿಟ್ಟುಕೊಂಡು ಮೇಲಿನ ಮಂಡಿಯನ್ನು ಚಿಪ್ಪು ತೆರೆದಂತೆ ನಿಧಾನವಾಗಿ ತೆರೆಯುವುದು, ಇನ್ನೂ ನಿಧಾನವಾಗಿ ಮುಚ್ಚುವುದು. ಸೊಂಟ ಹಿಂದಕ್ಕೆ ಉರುಳಿದರೆ ವ್ಯಾಯಾಮ ವ್ಯರ್ಥ. ಅಂಗಾತ ಮಲಗಿ ಕಾಲುಗಳನ್ನು ಮೇಲಕ್ಕೆ ಚಾಚಿ, ತೊಡೆಯ ಬುಡದಿಂದಲೇ ಒಳಕ್ಕೂ ಹೊರಕ್ಕೂ ತಿರುಗಿಸುವುದು ಇನ್ನೊಂದು. ಪೃಷ್ಠದ ಹೊರಗಿನ ದೊಡ್ಡ ಸ್ನಾಯುವನ್ನು ಕಲ್ಲಿನಂತೆ ಬಿಗಿದು ಹಿಡಿಯುವುದು ತಪ್ಪು ಅಭ್ಯಾಸ. ಅದರಿಂದ ಕಾಲಿನ ಚಲನೆಯೇ ಕಟ್ಟಿಹೋಗುತ್ತದೆ. ಗಾಳಿಯಲ್ಲಿರುವ ಕಾಲಿನ ಮೇಲೆಯೇ ಎಲ್ಲರ ಕಣ್ಣಿರುವುದರಿಂದ ನೆಲದ ಮೇಲಿರುವ ಕಾಲಿನ ತಿರುವು ಕಳಚಿ ಬೀಳುವುದು ಯಾರಿಗೂ ಕಾಣುವುದಿಲ್ಲ. ಒಂಟಿಕಾಲಿನ ಅಭ್ಯಾಸ ಬೇಕಾಗುವುದು ಇದಕ್ಕಾಗಿಯೇ.

ಕಾಲನ್ನು ಎತ್ತರಕ್ಕೆ ಹಿಡಿಯಲು ಹಿಂದೊಡೆಯ ನಮ್ಯತೆಯೊಂದೇ ಸಾಲದು. ಕೈಯಿಂದ ಹಿಡಿದರೆ ಕಿವಿಯವರೆಗೆ ಬರುವ ಕಾಲು, ಕೈ ಬಿಟ್ಟೊಡನೆ ಸೊಂಟದ ಮಟ್ಟಕ್ಕೆ ಇಳಿಯುವುದನ್ನು ಎಲ್ಲ ಶಿಕ್ಷಕರೂ ಕಂಡಿರುತ್ತಾರೆ. ಕಾಲು 90 ಡಿಗ್ರಿ ದಾಟಿದ ಮೇಲೆ ತೊಡೆಯ ಮುಂಭಾಗದ ಸ್ನಾಯು ಅತಿಯಾಗಿ ಮೊಟಕಾಗಿ ಬಲಗುಂದುತ್ತದೆ. ಅಲ್ಲಿಂದ ಮುಂದಿನ ಹೊರೆ ಬೆನ್ನುಮೂಳೆಯಿಂದ ತೊಡೆಯ ಒಳಬದಿಗೆ ಹಾದುಬರುವ ಇಲಿಯೋಸೋವಸ್ ಎಂಬ ಆಳದ ಸ್ನಾಯುವಿನದು. ಕುರ್ಚಿಯ ಮೇಲೆ ಬೆನ್ನು ನೆಟ್ಟಗಿಟ್ಟು ಕುಳಿತು, ಒಂದು ಮಂಡಿಯನ್ನು ಸೊಂಟಕ್ಕಿಂತ ಮೇಲಕ್ಕೆತ್ತಿ ಐದಾರು ಎಣಿಕೆ ಹಿಡಿಯುವುದು ಇದಕ್ಕೆ ಮೊದಲ ಪಾಠ. ಮುಂದೆ ಕಾಲನ್ನು ಬಾರಿನ ಮೇಲಿಟ್ಟು, ಬೆನ್ನು ಹಿಂದಕ್ಕೆ ವಾಲದಂತೆ ನಾಲ್ಕು ಬೆರಳಿನಷ್ಟು ಮೇಲಕ್ಕೆತ್ತಿ ಹಿಡಿಯಬೇಕು. ತೊಡೆಯ ಮುಂಭಾಗ ಗಂಟುಗಟ್ಟಿದಂತೆ ಸೆಳೆಯತೊಡಗಿದರೆ ತಪ್ಪು ಸ್ನಾಯು ದುಡಿಯುತ್ತಿದೆಯೆಂದು ಅರ್ಥ.

ಸ್ನಾಯುಗಳನ್ನು ಹಿಗ್ಗಿಸುವುದಕ್ಕೂ ಹೊತ್ತುಗೊತ್ತು ಇದೆ. ತರಗತಿಗೆ ಮುನ್ನ ತಣ್ಣಗಿನ ಮೈಯಲ್ಲಿ ನಿಮಿಷಕ್ಕೂ ಮೀರಿ ಎಳೆದು ಹಿಡಿದರೆ ಸ್ನಾಯುಬಲ ತಾತ್ಕಾಲಿಕವಾಗಿ ಕುಗ್ಗುತ್ತದೆ. ತರಗತಿ ಮುಗಿದು ಮೈ ಬೆಚ್ಚಗಿರುವಾಗ 30 ಸೆಕೆಂಡಿನಂತೆ ಎರಡು ಮೂರು ಬಾರಿ ಸಾಕು. ಕಪ್ಪೆಯಂತೆ ಬೋರಲು ಮಲಗಿಸಿ ಬೆನ್ನ ಮೇಲೆ ಇನ್ನೊಬ್ಬರು ಒತ್ತುವ ಪದ್ಧತಿಯನ್ನು ನಾವಂತೂ ಒಪ್ಪಲಾರೆವು. ಮಂಡಿ, ಮೊಣಕೈಗಳು ಹಿಮ್ಮುಖವಾಗಿ ಬಾಗುವ, ಹೆಬ್ಬೆರಳು ಮುಂಗೈಗೆ ತಾಗುವ ಮಕ್ಕಳನ್ನು ಕಂಡು ಹೆತ್ತವರು ಹಿಗ್ಗುವುದು ಸಹಜ. ಆದರೆ ಅಂತಹ ಸಡಿಲ ಕೀಲುಗಳ ಮಕ್ಕಳಿಗೆ ಬೇಕಾದದ್ದು ಇನ್ನಷ್ಟು ಹಿಗ್ಗಿಸುವಿಕೆಯಲ್ಲ, ಬಲ.

ನಮ್ಮ ಭರತನಾಟ್ಯದ ಅರಮಂಡಿಯೂ ಸೊಂಟದಿಂದ ತಿರುಗಿದ ನಿಲುವೇ. ಆದರೆ ಅಲ್ಲಿ ಮಂಡಿ ಬಗ್ಗಿಯೇ ಇರುವುದರಿಂದ ಅಸ್ಥಿರಜ್ಜುವಿನ ತಡೆ ಕಡಿಮೆ. ಹಲವು ವರ್ಷ ಅರಮಂಡಿ ಸಾಧಿಸಿದ ಹುಡುಗಿಯರೂ ಬ್ಯಾಲೆಯ ನೆಟ್ಟಗಿನ ಕಾಲಿನ ತಿರುವಿನಲ್ಲಿ ತೊಡಕು ಅನುಭವಿಸುವುದು ಇದರಿಂದಲೇ, ಅದರಲ್ಲಿ ಅವಮಾನವೇನಿಲ್ಲ. ಎರಡೂ ಪರಂಪರೆಗಳ ನಂಟು ಹೊಸದಲ್ಲ. ಕಲಾಕ್ಷೇತ್ರವನ್ನು 1936ರಲ್ಲಿ ಸ್ಥಾಪಿಸಿದ ರುಕ್ಮಿಣೀದೇವಿ ಅರುಂಡೇಲ್ ಅವರು ಅದಕ್ಕೂ ಮುನ್ನ ಆನಾ ಪಾವ್ಲೋವಾ ಅವರ ತಂಡದ ಕ್ಲಿಯೋ ನೋರ್ಡಿಯವರಲ್ಲಿ ಬ್ಯಾಲೆ ಕಲಿತಿದ್ದರು.

ಎತ್ತರದ ಮೋಹ ಬೆಳೆದದ್ದು ಈಚೆಗೆ. 1984ರಲ್ಲಿ, 19ನೆಯ ವಯಸ್ಸಿನಲ್ಲೇ ಪ್ಯಾರಿಸ್ ಒಪೇರಾದ ಅಗ್ರ ನರ್ತಕಿಯಾದ ಸಿಲ್ವಿ ಗಿಲೆಮ್ ಕಾಲನ್ನು ಗಡಿಯಾರದ ಆರು ಗಂಟೆಯ ಮುಳ್ಳುಗಳಂತೆ ನಿಲ್ಲಿಸುತ್ತಿದ್ದರು. ಅವರಿಗಿಂತ ಹಿಂದಿನ ತಲೆಮಾರಿನ ಮಾರ್ಗೋ ಫಾಂಟೇನ್ ಕಾಲನ್ನು ಅಷ್ಟು ಎತ್ತರಕ್ಕೆ ಎತ್ತಿದವರಲ್ಲ, ಆದರೂ ಶತಮಾನದ ಶ್ರೇಷ್ಠರಲ್ಲಿ ಒಬ್ಬರೆಂಬ ಮನ್ನಣೆಗೆ ಕುಂದಾಗಲಿಲ್ಲ.

ಹನ್ನೊಂದರಿಂದ ಹದಿನೈದರ ನಡುವೆ ಮಕ್ಕಳು ಥಟ್ಟನೆ ಎತ್ತರ ಬೆಳೆಯುವ ಕಾಲದಲ್ಲಿ ವಿಶೇಷ ಎಚ್ಚರ ಬೇಕು. ಮೂಳೆ ಮುಂದೋಡಿ ಸ್ನಾಯು ಹಿಂದುಳಿಯುವುದರಿಂದ, ಹಿಂದಿನ ವರ್ಷ ಸಲೀಸಾಗಿ ಮೇಲೇರುತ್ತಿದ್ದ ಕಾಲು ಆಗ ಏರದೆ ಮಗು ಕಂಗೆಡುತ್ತದೆ. ತಿಂಗಳಿಗೊಮ್ಮೆ ಎತ್ತರ ಗುರುತು ಹಾಕಿಡಬೇಕು; ಬೆಳವಣಿಗೆ ವೇಗವಾಗಿರುವ ತಿಂಗಳುಗಳಲ್ಲಿ ನೆಗೆತ ಹಾಗೂ ಎತ್ತರದ ಅಭ್ಯಾಸಗಳನ್ನು ಕಡಿಮೆಮಾಡುವಂತೆ ಶಿಕ್ಷಕರನ್ನು ಕೋರಬೇಕು. ಹಿಂದೊಡೆಯಲ್ಲಿ ಅಭ್ಯಾಸದ ಮರುದಿನ ಕಾಣುವ ಸೆಳೆತ ಎರಡು ದಿನಗಳಲ್ಲಿ ಇಳಿಯುತ್ತದೆ. ಕಾಲೆತ್ತಿದಾಗ ತೊಡೆಸಂದಿನ ಮುಂಭಾಗದಲ್ಲಿ ಚಿವುಟಿದಂತಾಗುವ ಇಲ್ಲವೆ ಕೀಲಿನೊಳಗೆ ಸಿಕ್ಕಿಹಾಕಿಕೊಂಡಂತಾಗುವ ನೋವು ವಾರಕ್ಕೂ ಹೆಚ್ಚು ಕಾಲ ಉಳಿದರೆ ಮೂಳೆ ಮತ್ತು ಕೀಲು ತಜ್ಞರಿಗೆ ತೋರಿಸತಕ್ಕದ್ದು, ಅಲ್ಲಿಯವರೆಗೆ ಆ ಕಾಲನ್ನು 90 ಡಿಗ್ರಿಗಿಂತ ಮೇಲೆ ಎತ್ತಿಸಬಾರದು.