ಹೈಬ್ರಿಡ್ ಕಾರಲ್ಲಿ ಬ್ಯಾಟರಿ ಲೈಟ್ ಬಂತಾ? ಕೋಡ್ ಅಳಿಸೋಕೆ ಮುಂಚೆ ಇದನ್ನ ಓದಿ

ದೇವನಹಳ್ಳಿ ಏರ್‌ಪೋರ್ಟ್ ರಸ್ತೆಯಲ್ಲಿ ಹತ್ತು ನಿಮಿಷ ನಿಂತರೆ ಸಾಕು, ಇನೋವಾ ಹೈಕ್ರಾಸ್, ಹೈರೈಡರ್, ಗ್ರ್ಯಾಂಡ್ ವಿಟಾರಾ ಸಾಲಾಗಿ ಕಾಣುತ್ತವೆ. 2022ರಲ್ಲಿ ಬಂದ ಈ ಮೂರೂ ಗಾಡಿ ತಯಾರಾಗೋದು ನಮ್ಮ ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ. ಇವುಗಳ ಹೈಬ್ರಿಡ್ ಮಾಡೆಲ್ ಈಗ ತಾಲೂಕಿನ ಅಂಗಡಿಯವರು, ಟ್ಯಾಕ್ಸಿಯವರ ಕೈಗೂ ಬಂದಿವೆ. ಮೀಟರ್ ಬೋರ್ಡಲ್ಲಿ ಲೈಟ್ ಹತ್ತಿದ ತಕ್ಷಣ ‘ಬ್ಯಾಟರಿ ಹೋಯ್ತು, ಲಕ್ಷದ ಮಾತು’ ಅಂತ ಹೆದರಿಸೋರು ಬಹಳ. ಆಗ ಕೇಳಬೇಕಾದ ಮೊದಲ ಪ್ರಶ್ನೆ ಒಂದೇ: ಯಾವ ಬ್ಯಾಟರಿ?

ಯಾಕಂದ್ರೆ ಹೈಬ್ರಿಡ್ ಕಾರಲ್ಲಿ ಎರಡು ಬ್ಯಾಟರಿ ಇರುತ್ತೆ. ಒಂದು, ಎಲ್ಲಾ ಕಾರಲ್ಲೂ ಇರೋ 12 ವೋಲ್ಟ್‌ನದು. ಇನ್ನೊಂದು, ಚಕ್ರ ತಿರುಗಿಸೋ ಮೋಟಾರಿಗೆ ಕರೆಂಟ್ ಕೊಡೋ ದೊಡ್ಡ ಪ್ಯಾಕ್. ಹೈರೈಡರ್‌ನಲ್ಲಿ ಅದು ಲಿಥಿಯಂ, ಸುಮಾರು 177 ವೋಲ್ಟ್. ಹೈಕ್ರಾಸ್‌ನಲ್ಲಿ ನಿಕಲ್ ಮೆಟಲ್ ಹೈಡ್ರೈಡ್. ಮಾರುತಿ ಎರ್ಟಿಗಾದ ‘ಸ್ಮಾರ್ಟ್ ಹೈಬ್ರಿಡ್’ ಕಥೆ ಬೇರೆ. ಅದರಲ್ಲಿ ಇಷ್ಟು ವೋಲ್ಟ್‌ನ ಪ್ಯಾಕ್ ಇಲ್ಲ, ಇಲ್ಲಿ ಹೇಳೋ ದೊಡ್ಡ ಪ್ಯಾಕಿನ ಕೋಡ್‌ಗಳನ್ನ ಅದಕ್ಕೆ ಹಚ್ಚಬೇಡಿ.

ಕೆಂಪು ಡಬ್ಬಿ ಗುರುತಿನ ಬ್ಯಾಟರಿ ಲೈಟ್ ಹತ್ತಿದರೆ ಅದು ಸಾಮಾನ್ಯವಾಗಿ 12 ವೋಲ್ಟ್ ಬ್ಯಾಟರಿಗೆ ಚಾರ್ಜ್ ಆಗ್ತಿಲ್ಲ ಅನ್ನೋ ಸೂಚನೆ. ದೊಡ್ಡ ಪ್ಯಾಕ್ ಅಥವಾ ಮೋಟಾರ್ ಕಡೆಯ ತೊಂದರೆ ಆದರೆ ಹೈಬ್ರಿಡ್ ಸಿಸ್ಟಂ ಅಂತ ಪರದೆ ಮೇಲೆ ಬರಹವೇ ಬರುತ್ತೆ, ಜೊತೆಗೆ ಹಳದಿ ಇಂಜಿನ್ ಲೈಟೂ ಹತ್ತಬಹುದು. ಹಳದಿ ಇದ್ರೆ ಬೇಗ ತೋರಿಸಿ. ಕೆಂಪು ಇದ್ರೆ, ಇಲ್ಲಾ ಬಿಸಿಯಾಗಿದೆ ಅಂತ ಬರಹ ಬಂದ್ರೆ, ಸುರಕ್ಷಿತ ಜಾಗ ನೋಡಿ ಪಕ್ಕಕ್ಕೆ ಹಾಕಿ. ‘ನೆಲಮಂಗಲ ಟೋಲ್ ದಾಟಿಬಿಡೋಣ’ ಅನ್ನೋ ಲೆಕ್ಕ ಬೇಡ.

ಇನ್ನೊಂದು ಸಂಗತಿ ಏರ್‌ಪೋರ್ಟ್ ಪಾರ್ಕಿಂಗಲ್ಲಿ ವಾರಗಟ್ಟಲೆ ಗಾಡಿ ಬಿಟ್ಟು ಹೋಗೋರಿಗೆ. ಬಂದು ಬಟನ್ ಒತ್ತಿದರೆ ‘ರೆಡಿ’ ಅನ್ನೋ ಹಸಿರು ಲೈಟ್ ಬರೋದಿಲ್ಲ, ಬೇರೆ ಹತ್ತು ಲೈಟ್ ಮಿಣಮಿಣ ಅಂತವೆ. ಕಂಪ್ಯೂಟರನ್ನ ಎಬ್ಬಿಸೋದು ಸಣ್ಣ 12 ವೋಲ್ಟ್ ಬ್ಯಾಟರಿ. ಅದು ಇಳಿದು ಹೋಗಿದ್ರೆ ದೊಡ್ಡದು ಸರಿಯಾಗಿದ್ರೂ ಗಾಡಿ ಏಳಲ್ಲ. ಮೊದಲು ಇದರ ವೋಲ್ಟೇಜ್ ಚೆಕ್ ಮಾಡಿಸಿ.

ಈಗ ಕೋಡ್. ಸ್ಟೀರಿಂಗ್ ಕೆಳಗಿನ 16 ಪಿನ್ನಿನ ಸಾಕೆಟ್‌ಗೆ ಸ್ಕ್ಯಾನರ್ ಚುಚ್ಚಿದರೆ ಐದು ಅಕ್ಷರ-ಅಂಕಿಯ ಗುರುತು ಬರುತ್ತೆ. ಮೊದಲ ಅಕ್ಷರ ‘ಪಿ’ ಅಂದ್ರೆ ಇಂಜಿನ್, ಮೋಟಾರ್, ಗೇರ್ ಕಡೆ; ‘ಯು’ ಅಂದ್ರೆ ಕಂಪ್ಯೂಟರ್‌ಗಳ ನಡುವಿನ ಮಾತುಕತೆ ಕಡೆ. ಎರಡನೆಯದು ಸೊನ್ನೆ, ‘ಓ’ ಅಲ್ಲ. ವಾಟ್ಸಾಪಲ್ಲಿ ಕಳಿಸುವಾಗ ಇಲ್ಲೇ ಎಡವಟ್ಟಾಗೋದು. ‘ಪಿ0ಎ’ ಇಂದ ಶುರುವಾದರೆ ಅದು ಹೈಬ್ರಿಡ್ ಭಾಗದ ಕೋಡ್.

ಎಲ್ಲರನ್ನೂ ಹೆದರಿಸೋದು ಪಿ0ಎ80. ಅದರ ಇಂಗ್ಲಿಷ್ ವಿವರಣೆಯೇ ‘ಬ್ಯಾಟರಿ ಪ್ಯಾಕ್ ಬದಲಿಸಿ’ ಅಂತಿದೆ. ಟೊಯೋಟಾದಲ್ಲಿ ಪ್ಯಾಕಿನ ಒಳಗಿನ ಬ್ಲಾಕ್‌ಗಳ ವೋಲ್ಟೇಜಲ್ಲಿ ವ್ಯತ್ಯಾಸ ಮಿತಿ ಮೀರಿದಾಗ ಇದು ಬೀಳುತ್ತೆ. ಸೆಲ್ ಸವೆದಿರಬಹುದು, ಒಳಗಿನ ತಾಮ್ರದ ಪಟ್ಟಿಗೆ ಕಿಲುಬು ಹಿಡಿದಿರಲೂಬಹುದು. ಬ್ಲಾಕ್ ಬ್ಲಾಕಿನ ವೋಲ್ಟೇಜ್ ತೋರಿಸಿ ಅಂತ ಕೇಳಿ. ಅದನ್ನ ತೋರಿಸದೆ ಅಂದಾಜು ಪಟ್ಟಿ ಕೊಟ್ಟರೆ ನನ್ನ ಪ್ರಕಾರ ಒಪ್ಪಬಾರದು. ಪಿ0ಎ93 ಅಂದ್ರೆ ಇನ್ವರ್ಟರ್ ತಂಪು ಮಾಡೋ ವ್ಯವಸ್ಥೆ: ಪಂಪ್ ಅಥವಾ ಕೂಲೆಂಟ್ ನೋಡಬೇಕು, ಬ್ಯಾಟರಿ ಅಲ್ಲ. ಪಿ0ಎ82 ಪ್ಯಾಕಿನ ಫ್ಯಾನಿನದು.

ಈ ಫ್ಯಾನ್ ವಿಷಯ ನಮ್ಮ ಕಡೆಗೆ ಮುಖ್ಯ. ಗಾಳಿಯಿಂದ ತಣ್ಣಗಾಗೋ ಪ್ಯಾಕ್, ಗಾಡಿ ಒಳಗಿನ ಗಾಳಿಯನ್ನೇ ಸೀಟಿನ ಹತ್ತಿರದ ಜಾಲರಿಯಿಂದ ಎಳೆಯುತ್ತೆ. ಕ್ರಷರ್ ಧೂಳು, ದೊಡ್ಡಬಳ್ಳಾಪುರದ ಮಗ್ಗದ ಮನೆಯ ನೂಲಿನ ಹಿಂಜು ಅಲ್ಲೇ ಹೋಗಿ ಕೂರುತ್ತೆ. ಸೀರೆ ಗಂಟು, ಹೂವಿನ ಮೂಟೆ ಅಡ್ಡ ಇಟ್ಟರೂ ಗಾಳಿ ಕಟ್ಟಿಕೊಳ್ಳುತ್ತೆ. ಜಾಲರಿ ಎಲ್ಲಿದೆ ಅಂತ ಗಾಡಿ ಪುಸ್ತಕದಲ್ಲಿದೆ, ನೋಡಿ ಸ್ವಚ್ಛ ಮಾಡಿಸಿ. ಪ್ಯಾಕ್ ಬಿಚ್ಚೋದಕ್ಕೆ ಹೋಲಿಸಿದ್ರೆ ಇದು ಜುಜುಬಿ ಖರ್ಚು.

ಪಿ0ಎಎ6 ಬಂದರೆ ಮಾತ್ರ ತಮಾಷೆ ಅಲ್ಲ. ಹೈ ವೋಲ್ಟೇಜ್ ವೈರಿಂಗ್‌ನ ಇನ್ಸುಲೇಷನ್ ಸೋರ್ತಿದೆ ಅಂತ ಅರ್ಥ. ಕಿತ್ತಳೆ ಬಣ್ಣದ ವೈರ್ ಮುಟ್ಟಬೇಡಿ, ಟೆಂಪೋ ಎಲೆಕ್ಟ್ರಿಷಿಯನ್ ಎಷ್ಟೇ ಪರಿಚಯದವರಾದ್ರೂ ಮುಟ್ಟೋಕೆ ಬಿಡಬೇಡಿ. ನೀರಲ್ಲಿ ಮುಳುಗಿದ ಗಾಡಿಗೂ ಇದೇ ಮಾತು.

ಕೋಡ್ ಅಳಿಸೋದು ರಿಪೇರಿ ಅಲ್ಲ. ಅಳಿಸಿದರೆ ಕೋಡ್ ಬಿದ್ದ ಹೊತ್ತಿನ ವೇಗ, ಬಿಸಿ, ವೋಲ್ಟೇಜಿನ ದಾಖಲೆಯೂ ಹೋಗುತ್ತೆ. ಮೊದಲು ಸ್ಕ್ಯಾನರ್ ಪರದೆಯ ಫೋಟೋ ತೆಗೀರಿ, ಕಿಲೋಮೀಟರ್ ಬರೆದಿಡಿ. ಆನ್‌ಲೈನಲ್ಲಿ ಸಿಗೋ ಅಗ್ಗದ ಬ್ಲೂಟೂತ್ ಸ್ಕ್ಯಾನರ್ ಎಷ್ಟೋ ಸಲ ಹೈಬ್ರಿಡ್ ಕಂಪ್ಯೂಟರನ್ನ ಓದೋದೇ ಇಲ್ಲ. ಅದರಲ್ಲಿ ‘ಕೋಡ್ ಇಲ್ಲ’ ಅಂದ ಮಾತ್ರಕ್ಕೆ ನಂಬಬೇಡಿ.

ದೊಡ್ಡ ಬ್ಯಾಟರಿಗೆ ಟೊಯೋಟಾ, ಮಾರುತಿ ಎರಡೂ ಕಂಪನಿ 8 ವರ್ಷ ಅಥವಾ 1,60,000 ಕಿ.ಮೀ. ವಾರಂಟಿ ಕೊಟ್ಟಿವೆ, ಯಾವುದು ಮೊದಲೋ ಅದು. ದಿನಕ್ಕೆ 200 ಕಿ.ಮೀ.ನಂತೆ ತಿಂಗಳಿಗೆ 25 ದಿನ ಓಡಿದರೆ ಮೂರು ವರ್ಷದೊಳಗೇ ಅದು ಮುಗಿಯುತ್ತೆ. ಟ್ಯಾಕ್ಸಿಯವರು ಹಳದಿ ಬೋರ್ಡಿಗೆ ಷರತ್ತು ಬೇರೆ ಇದೆಯಾ ಅಂತ ವಾರಂಟಿ ಪುಸ್ತಕ ತೆಗೆದು ನೋಡಿ.

ಸೆಕೆಂಡ್ ಹ್ಯಾಂಡ್ ತಗೊಳ್ಳೋರು ಬರೀ ಲೈಟ್ ಇಲ್ಲ ಅಂತ ಅಡ್ವಾನ್ಸ್ ಕೊಡಬೇಡಿ. ಸ್ಕ್ಯಾನರಲ್ಲಿ ‘ರೆಡಿನೆಸ್’ ಅನ್ನೋ ಭಾಗ ತೆಗೆಸಿ. ಅಲ್ಲಿ ಪರೀಕ್ಷೆಗಳು ‘ಪೂರ್ಣ ಆಗಿಲ್ಲ’ ಅಂತ ಇದ್ದರೆ, ಇತ್ತೀಚೆಗೆ ಕೋಡ್ ಅಳಿಸಿರಬಹುದು, ಇಲ್ಲಾ 12 ವೋಲ್ಟ್ ಬ್ಯಾಟರಿ ಕಳಚಿರಬಹುದು. ಯಾಕೆ ಅಂತ ಮಾರೋರನ್ನೇ ಕೇಳಿ, ಕೆಲವು ದಿನ ಓಡಿಸಿದ ಮೇಲೆ ಮತ್ತೆ ಸ್ಕ್ಯಾನ್ ಮಾಡಿಸಿ, ಆಮೇಲೆ ದುಡ್ಡಿನ ಮಾತು.