ಕಾನಿನ ಒಡೆಯ ಯಾರು? ಬುಕಾನನ್ನನ ಒಂದು ಷರಾದ ಮರುಓದು

ಉತ್ತರ ಕನ್ನಡದ ದೇವರಕಾಡುಗಳ ಬಗ್ಗೆ ಬರೆಯುವವರು ಫ್ರಾನ್ಸಿಸ್ ಬುಕಾನನ್ನನ ಒಂದು ಸಾಕ್ಷ್ಯವನ್ನು ತಪ್ಪದೆ ಎತ್ತಿಕೊಳ್ಳುತ್ತಾರೆ, ಆದರೆ ಬಹುಮಟ್ಟಿಗೆ ಅದರ ಅರ್ಧವನ್ನು ಮಾತ್ರ. 1801ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಆತ ಬರೆದದ್ದರ ಸಾರ ಇಷ್ಟು: ಕಾಡುಗಳು ಆಯಾ ಊರಿನ ದೇವರ ಸ್ವತ್ತು. ಗೌಡನ ಅಪ್ಪಣೆಯಿಲ್ಲದೆ ಮರ ಕಡಿಯುವಂತಿಲ್ಲ. ಗೌಡಿಕೆ ವಂಶಪಾರಂಪರ್ಯದ್ದು, ಊರದೇವರ ಪೂಜಾರಿಯೂ ಅವನೇ. ಅಪ್ಪಣೆ ಕೊಟ್ಟದ್ದಕ್ಕೆ ದೇವರಿಗೆ ಏನೂ ಸಲ್ಲುವುದಿಲ್ಲ, ಕೇಳದೆ ಕಡಿದವನಿಗೆ ಮಾತ್ರ ದೇವರ ಮುನಿಸು ತಟ್ಟುತ್ತದೆ. ಕೊನೆಗೆ ಅವನ ಷರಾ: ಇದೆಲ್ಲ ಸರಕಾರ ತನ್ನ ಹಕ್ಕು ಕೇಳದಂತೆ ಊರಿನವರು ಹೂಡಿದ ಉಪಾಯ.

ಈಚಿನ ಪರಿಸರ ಬರಹಗಳು ಮೊದಲ ವಾಕ್ಯವನ್ನು ಇಟ್ಟುಕೊಂಡು ಗೌಡನನ್ನು ಬಿಟ್ಟುಬಿಡುತ್ತವೆ. ಆಗ ಉಳಿಯುವುದು ಯಾರೂ ಕೈಯಿಡದ, ಭಯಭಕ್ತಿಯಿಂದ ಉಳಿದ ಪವಿತ್ರ ವನ. ಮೂಲದಲ್ಲಿ ಇರುವುದಾದರೋ ಅಪ್ಪಣೆ ಪಡೆದು ಮರ ಕಡಿಯುವ ಊರು. ಕಡಿಯುವುದೇ ನಿಷಿದ್ಧವಾಗಿದ್ದರೆ ಅಪ್ಪಣೆಯ ಮಾತೇಕೆ ಬರಬೇಕಿತ್ತು? (1870ರ ಮದರಾಸು ಆವೃತ್ತಿಯ ಪುಟಸಂಖ್ಯೆಯನ್ನು ಒಬ್ಬರಿಂದೊಬ್ಬರು ನಕಲು ಮಾಡಿಕೊಳ್ಳುವ ಬದಲು ಆ ಪುಟವನ್ನೇ ತೆರೆದಿದ್ದರೆ ಈ ಪ್ರಶ್ನೆ ಎಂದೋ ಏಳುತ್ತಿತ್ತು.)

ಇನ್ನು ಬುಕಾನನ್ನನ ತೀರ್ಪು. ಅವನ ತರ್ಕ ನಿಂತಿರುವುದು ದೇವರಿಗೆ ಕಾಣಿಕೆ ಸಲ್ಲುವುದಿಲ್ಲ ಎಂಬ ಒಂದೇ ಸಂಗತಿಯ ಮೇಲೆ. ಹುಟ್ಟುವಳಿಯಿಲ್ಲದ ಒಡೆತನ ಹುಸಿ ಒಡೆತನ ಎಂಬುದು ಕಂದಾಯ ಲೆಕ್ಕ ಹಾಕಲು ಬಂದವನ ನಂಬಿಕೆ. ಗವರ್ನರ್ ಜನರಲ್ ವೆಲ್ಲೆಸ್ಲಿ ಅವನನ್ನು ಕಳಿಸಿದ್ದೇ ಹೊಸದಾಗಿ ಕೈಸೇರಿದ ಸೀಮೆಗಳಲ್ಲಿ ಏನೇನು ಬೆಳೆಯುತ್ತದೆ, ಏನು ಸಿಗುತ್ತದೆ ಎಂದು ತಿಳಿಯಲು. ಅವನ ಪುಸ್ತಕ ಲಂಡನ್ನಿನಲ್ಲಿ ಅಚ್ಚಾದದ್ದು 1807ರಲ್ಲಿ. ಅದರ ಹಿಂದಿನ ವರ್ಷವೇ ಕಂಪನಿ ಮಲಬಾರಿನ ಸಾಗುವಾನಿಗಾಗಿ ಕ್ಯಾಪ್ಟನ್ ವಾಟ್ಸನ್ನನನ್ನು ಅರಣ್ಯ ಸಂರಕ್ಷಕನಾಗಿ ನೇಮಿಸಿತ್ತು. ಕಾಡಿಗೆ ಒಡೆಯನಿಲ್ಲ ಎಂಬ ಮಾತು ಆ ಹೊತ್ತಿಗೆ ಯಾರಿಗೆ ಅನುಕೂಲವಾಗಿತ್ತೆಂದು ಬಿಡಿಸಿ ಹೇಳಬೇಕಿಲ್ಲ.

ಅಪ್ಪಣೆಯ ಪದ್ಧತಿಯನ್ನು ಊರಿನ ಕಡೆಯಿಂದ ನೋಡಿದರೆ ಕಾಣಿಕೆಯಿಲ್ಲದಿರುವುದೇ ಅದರ ಅರ್ಥವನ್ನು ತಿಳಿಸುತ್ತದೆ. ಗೌಡನೂ ಪೂಜಾರಿಯೂ ಒಬ್ಬನೇ ಆಗಿರುವಲ್ಲಿ ಅವನ ಮುಂದೆ ಬಾಯಿಬಿಟ್ಟು ಕೇಳುವುದೆಂದರೆ ಯಾರು, ಯಾವ ಮರ, ಯಾತಕ್ಕೆ ಎಂಬುದು ಊರಿಗೆಲ್ಲ ಗೊತ್ತಾಗುವುದು. ದುಡ್ಡು ಕೊಟ್ಟು ಪಡೆಯುವ ಅಪ್ಪಣೆ ಹಣವಂತನ ಪಾಲಾಗುತ್ತದೆ; ಇದು ಹಾಗಲ್ಲ. ಉಪಾಯವೆಂದೇ ಒಪ್ಪಿಕೊಂಡರೂ ಬುಕಾನನ್ನನ ವಾದ ಅವನಿಗೇ ತಿರುಗುತ್ತದೆ: ಸರಕಾರದಿಂದ ಮರೆಸಿ ಕಾಪಾಡುವಂಥ ಸ್ವತ್ತು ಊರಿನವರ ಬಳಿ ಇತ್ತೆಂದಾಯಿತಲ್ಲ.

ಅವನೇ ಇನ್ನೊಂದೆಡೆ ಮೆಣಸಿನ ಕಾನುಗಳನ್ನು ವರ್ಣಿಸುತ್ತಾನೆ: ಬಳ್ಳಿ ತಾನಾಗಿ ಹುಟ್ಟುವ ಕಾಡು, ಕೆಳಗಿನ ಪೊದೆ ಸವರಿ ಬಳ್ಳಿಯನ್ನು ಮರಕ್ಕೆ ಹಬ್ಬಿಸುವ ಜನ. ಈ ಎರಡು ಭಾಗಗಳನ್ನು ಒಟ್ಟಿಗಿಟ್ಟು ಓದಬೇಕು. ಅದಕ್ಕೆ ಬಲವಾದ ಆಧಾರ ಘಟ್ಟದ ಮೇಲಿನ ಸೊರಬದಿಂದ ಸಿಗುತ್ತದೆ. ಅಲ್ಲಿನ ಕಾನುಗಳ ಬಗ್ಗೆ ಬ್ರಾಂಡಿಸ್ ಮತ್ತು ಗ್ರಾಂಟ್ 1868ರಲ್ಲಿ ಕೊಟ್ಟ ಜಂಟಿ ವರದಿಯನ್ನು ದೇವರಕಾಡಿನ ಬರಹಗಾರರು ಅಷ್ಟಾಗಿ ಮುಟ್ಟಿಲ್ಲ. ಅದರಲ್ಲಿರುವುದು ಮೆಣಸು ಕೊಯ್ಯುವ, ಬಗನಿ ಇಳಿಸುವ, ಕಾನಿಗೆ ಶಿಸ್ತು ಎಂಬ ಕಂದಾಯ ತೆರುವ ಹಿಡುವಳಿದಾರರು. ಬ್ರಾಂಡಿಸ್ ಆಗ ಇಡೀ ದೇಶದ ಅರಣ್ಯ ಇಲಾಖೆಯ ಮುಖ್ಯಸ್ಥ, ಊರಿನವರ ವಕೀಲನಲ್ಲ. ಎಂ.ಡಿ. ಸುಭಾಷ್‌ಚಂದ್ರನ್ ಮತ್ತು ಮಾಧವ ಗಾಡ್ಗೀಳ್ 1993ರಲ್ಲಿ ಕಾನುಗಳನ್ನು ಸುರಕ್ಷಾ ಅರಣ್ಯಗಳೆಂದು ಕರೆದರು. ನನ್ನ ಒಲವು ಅವರ ಕಡೆಗೇ, ಒಂದು ಷರತ್ತಿನೊಂದಿಗೆ: ಸುರಕ್ಷೆಯ ಬುನಾದಿ ಶ್ರದ್ಧೆಯಷ್ಟೇ ಅಲ್ಲ, ಊರಿಗಿದ್ದ ಅಧಿಕಾರವೂ ಹೌದು.

ಆ ಅಧಿಕಾರ ಹೋದಾಗ ಏನಾಗುತ್ತದೆಂಬುದಕ್ಕೆ ಉಪ್ಪಾಗೆ ಸಾಕ್ಷಿ. ಸಿಪ್ಪೆಯನ್ನು ಹುಳಿಗೆ, ಬೀಜವನ್ನು ತುಪ್ಪಕ್ಕೆ ಬಳಸುತ್ತಿದ್ದ ಈ ಹಣ್ಣಿಗೆ 1990ರ ದಶಕದಲ್ಲಿ ಬೊಜ್ಜು ಕರಗಿಸುವ ಮಾತ್ರೆಗಳಿಂದಾಗಿ ವಿದೇಶಿ ಬೇಡಿಕೆ ಬಂತು. ಸಂಗ್ರಹದ ಹಕ್ಕು ಹರಾಜಿನಲ್ಲಿ ಗುತ್ತಿಗೆದಾರನಿಗೆ. ಕೊಯ್ಯುವವನಿಗೆ ಮರದ ಮೇಲೆ ಹಕ್ಕಿಲ್ಲ. ಇಂದು ಬಿಟ್ಟ ಕಾಯಿ ನಾಳೆ ಇನ್ನೊಬ್ಬನ ಚೀಲಕ್ಕೆ. ಹಾಗಾಗಿ ಬಲಿಯದ ಕಾಯಿ ಉದುರಿಸಿದರು, ಕೊಂಬೆಯನ್ನೇ ಕಡಿದರು, ಮಳೆಗಾಲದಲ್ಲಿ ಸಿಪ್ಪೆ ಒಣಗಿಸಲು ರಾಶಿರಾಶಿ ಸೌದೆ ಸುಟ್ಟರು. ಇದನ್ನು ಜನರ ದುರಾಸೆ ಎನ್ನುವವರು ಅದೇ ಜನ ತಮ್ಮ ಬೇಣದ, ಹಿತ್ತಲ ಅಂಚಿನ ಮರವನ್ನು ಹೇಗೆ ನೋಡಿಕೊಳ್ಳುತ್ತಾರೆಂದು ಗಮನಿಸಲಿ.

ಈ ಚರ್ಚೆ ಗ್ರಂಥಾಲಯದಲ್ಲೇ ಮುಗಿಯುವಂಥದ್ದಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಕಿರು ಅರಣ್ಯ ಉತ್ಪನ್ನದ ಒಡೆತನವನ್ನು ಅರಣ್ಯವಾಸಿಗಳಿಗೆ ಕೊಡುತ್ತದೆ. ಆದರೆ ಪರಿಶಿಷ್ಟ ಪಂಗಡಕ್ಕೆ ಸೇರದವರು 2005ರ ಡಿಸೆಂಬರ್ 13ಕ್ಕೆ ಮೊದಲಿನ ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸ ಮತ್ತು ಅವಲಂಬನೆಯನ್ನು ರುಜುವಾತು ಮಾಡಬೇಕು. 2008ರ ನಿಯಮಗಳು ಗೆಜೆಟಿಯರು, ಸರ್ವೆ ಮತ್ತು ಸೆಟಲ್‌ಮೆಂಟ್ ವರದಿ, ಅರಣ್ಯ ದಾಖಲೆಗಳನ್ನು ಸಾಕ್ಷ್ಯವೆಂದು ಒಪ್ಪುತ್ತವೆ. 1868ರ ವರದಿ ಒಂದೊಂದು ಮನೆತನದ ವಾಸವನ್ನು ಸಾಬೀತು ಮಾಡಲಾರದು ನಿಜ, ಊರಿಗೂ ಕಾನಿಗೂ ಇದ್ದ ಸಂಬಂಧವನ್ನು ಮಾತ್ರ ಖಂಡಿತ ತೋರಿಸಬಲ್ಲದು. ಆ ವರದಿಯನ್ನೂ ಶಿಸ್ತಿನ ಕಡತಗಳನ್ನೂ ಕನ್ನಡಕ್ಕೆ ತಂದು ಸೊರಬ, ಸಾಗರ, ಸಿದ್ದಾಪುರಗಳ ಗ್ರಾಮಸಭೆಗಳ ಮುಂದಿಡುವುದು ಈ ವಿಷಯದ ಸಂಶೋಧಕರು ಮಾಡಬೇಕಾದ ಮೊದಲ ಕೆಲಸ.